ಒಂಬತ್ತು ಭಾನುವಾರದ ತುಕ್ಕು

ಹಳೆಯ ಗಾಡಿ ಕೊಳ್ಳಲು ಬಂದವರು ಬಗ್ಗಿ ಬಗ್ಗಿ ನೋಡುತ್ತಾರೆ. ಮಡ್‌ಗಾರ್ಡು ತಟ್ಟುತ್ತಾರೆ, ಬಾಗಿಲ ಕೆಳಗಿನ ಪಟ್ಟಿಗೆ ಹೆಬ್ಬೆರಳು ಒತ್ತುತ್ತಾರೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದವರೂ ನೆಲದ ಮೇಲೆ ಅಂಗಾತ ಮಲಗಿ ಚಾಸಿಗೆ ಟಾರ್ಚು ಬಿಡುತ್ತಾರೆ. ತಲೆ ಎತ್ತಿ ಟಾಪು ನೋಡುವವರು ಇಲ್ಲವೇ ಇಲ್ಲ ಎನ್ನಬೇಕು. ಮೊಂಬಾಸಾದಲ್ಲಿ ಮೂವತ್ತು ವರ್ಷ ಟಿಂಕರಿಂಗ್ ಮಾಡಿದವನು ನಾನು, ಹೇಳುತ್ತೇನೆ ಕೇಳಿ. ಇಲ್ಲಿ ಉಪ್ಪು ಬರುವುದು ಗಾಳಿಯಲ್ಲಿ, ಕೂರುವುದು ಟಾಪಿನ ಮೇಲೆ. ಕೆಳಗೆ ಕೊಳೆತರೆ ಒಂದು ತಗಡು ಹೊಡೆದು ಇನ್ನೈದು ವರ್ಷ ಓಡಿಸಬಹುದು. ಟಾಪು ಕೊಳೆತರೆ ನೀರು ಮುಂದಿನ ಗಾಜಿನ ರಬ್ಬರಿನ ಹಿಂದಿನಿಂದ ಇಳಿದು, ಟಾಪು ಹೊತ್ತ ಕಂಬಗಳ ಒಳಗೆ ಸೇರಿ, ಯಾರ ಕಣ್ಣಿಗೂ ಬೀಳದ ಹಾಗೆ ಇಡೀ ಗಾಡಿಯನ್ನು ತಿಂದುಹಾಕುತ್ತದೆ. ಇದೆಲ್ಲ ಬಲ್ಲವನು ಎಂದು ನಮ್ಮ ಚಾಂಗಾಮ್ವೆ ಬಡಾವಣೆಯಲ್ಲೆಲ್ಲ ನನಗೆ ಹೆಸರು. ಆ ಹೆಸರಿಗೆ ಬೆಂಕಿ ಬೀಳಲಿ.

ಒಸೇವೆ ನನ್ನನ್ನು ಗಾಡಿ ನೋಡಲು ಕರೆದದ್ದು ಆ ಹೆಸರಿನಿಂದಲ್ಲ, ಗೆಳೆತನದಿಂದ. ಅವನೂ ನಾನೂ ದೇಶದ ಇನ್ನೊಂದು ತುದಿಯ ಅಲೇಗೋ ಕಡೆಯವರು. ಹದಿನೆಂಟರ ವಯಸ್ಸಿನಲ್ಲಿ ಒಂದೇ ರೈಲಿನಲ್ಲಿ ಬಂದು ಸಮುದ್ರ ನೋಡಿದವರು. ಮೊಂಬಾಸಾದ ಚಾನಿ ಕೇರಿಯ ಒಂದು ಕೋಣೆಯಲ್ಲಿ ಆರು ವರ್ಷ ಜೊತೆಯಲ್ಲಿದ್ದೆವು. ಇಬ್ಬರಿಗೂ ಸೇರಿ ಒಂದೇ ಒಳ್ಳೆ ಪ್ಯಾಂಟು ಇತ್ತು. ಅವನು ಬಂದರಿನಲ್ಲಿ ಕ್ರೇನ್ ಓಡಿಸಲು ಸೇರಿದ, ನಾನು ಸುತ್ತಿಗೆ ಹಿಡಿದೆ. ಅವನ ಮದುವೆಯ ಮಾತು ಆಡಲು ಹೋದವನು ನಾನು, ನನ್ನ ಹೆಂಡತಿ ತೀರಿಕೊಂಡಾಗ ನನ್ನ ಬಾಯಿಗೆ ಅನ್ನ ಇಟ್ಟವನು ಅವನು. ಐವತ್ತೆರಡನೆಯ ವಯಸ್ಸಿನಲ್ಲಿ ಅವನ ಹೊಟ್ಟೆಯಲ್ಲಿ ಗಡ್ಡೆ ಎದ್ದಿತು. ದೊಡ್ಡಾಸ್ಪತ್ರೆಯವರು ಕುಯ್ದು, ನೋಡಿ, ಹಾಗೇ ಹೊಲಿದು ಕಳಿಸಿದರು. ಹಾಗೇ ಹೊಲಿದು ಕಳಿಸಿದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಅವನಿಗೆ ಗಾಡಿ ಕೊಳ್ಳುವ ಹುಚ್ಚು ಹಿಡಿಯಿತು. ಮಿಕಿಂಡಾನಿಯಲ್ಲಿ ಶೆಬ್ವಾನಾ ಎಂಬ ಹಳೆ ಗಾಡಿ ವ್ಯಾಪಾರಿಯ ಅಂಗಳದಲ್ಲಿ ಒಂದು ಉದ್ದ ಬೆನ್ನಿನ ವ್ಯಾಗನ್ ನಿಂತಿತ್ತು. ಕೆನೆ ಬಣ್ಣ, ಮೇಲೆ ಕ್ಯಾರಿಯರ್. ನಾನು ಅಯಸ್ಕಾಂತವನ್ನು ಹಳೆ ಬಟ್ಟೆಯಲ್ಲಿ ಸುತ್ತಿಕೊಂಡು ಸ್ಟೂಲು ಹತ್ತಿ ಟಾಪಿನ ಮೇಲೆ ಎಳೆಯುತ್ತ ಬಂದೆ. ತಗಡು ಇದ್ದ ಕಡೆ ಅಯಸ್ಕಾಂತ ಕಚ್ಚಿಕೊಳ್ಳುತ್ತದೆ, ಪುಟ್ಟಿ ಬಳಿದ ಕಡೆ ಜಾರುತ್ತದೆ. ನಾಲ್ಕು ಕಡೆ ಜಾರಿತು. ಮುಂದಿನ ಗಾಜಿನ ಮೇಲ್ಗಡೆ ಬಣ್ಣ ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಬ್ರೆಡ್ಡಿನೊಳಗೆ ಹೋದ ಹಾಗೆ ಹೋಯಿತು. ಒಳಗೆ ಕೂತು ಟಾಪಿನ ಒಳಮೈಯ ಬಟ್ಟೆ ಮುಟ್ಟಿದೆ. ಒಣಗಿತ್ತು, ಆದರೆ ಅಂಚಿನಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆ.

ಶೆಬ್ವಾನಾನ ಮೋರೆಯಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಗುಳ್ಳೆ ಎದ್ದದ್ದು ಹಕ್ಕಿ ಹಿಕ್ಕೆ ಹಾಕಿದ್ದರಿಂದ ಎಂದ.

"ಇಷ್ಟು ದೊಡ್ಡ ಹಕ್ಕಿ ಯಾವ ಊರಲ್ಲಿದೆ ಶೆಬ್ವಾನಾ? ಗಾಡಿ ಬೇಡ, ಆ ಹಕ್ಕೀನೇ ಮಾರು, ತಗೋತೀವಿ" ಎಂದೆ.

ಒಸೇವೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕರೆ ಅವನಿಗೆ ನೋಯುತ್ತಿತ್ತು, ಆದರೂ ನಕ್ಕ. ನಾನು ಅವನನ್ನು ಪಕ್ಕಕ್ಕೆ ಕರೆದು ಈ ಗಾಡಿ ಬೇಡ, ಎಂಜಿನ್ ಚೆನ್ನಾಗಿದೆ, ತಳ ಚೆನ್ನಾಗಿದೆ, ತಲೆ ಸರಿಯಿಲ್ಲ ಎಂದೆ. ಅವನು ಒಪ್ಪಲಿಲ್ಲ. ಹಿಂದಿನ ಸೀಟು ಮಡಚಿದರೆ ಒಬ್ಬ ಮನುಷ್ಯ ಉದ್ದಕ್ಕೆ ಮಲಗುವಷ್ಟು ಜಾಗ ಇರುವುದು ಇಂಥ ಗಾಡಿಯಲ್ಲೇ ಎಂದು ಅದನ್ನೇ ಹಿಡಿದುಕೊಂಡ. ಆಮೇಲೆ ಸ್ವರ ತಗ್ಗಿಸಿ ಹೇಳಿದ:

"ಟಾಪು ಒಂದನ್ನ ನೀನು ಗಟ್ಟಿ ಮಾಡ್ಕೊಡು ಒಬುರಾ. ಮೇಲೆ ಏಳಡಿ ಉದ್ದದ ಭಾರ ಬರುತ್ತೆ. ಅಲೇಗೋ ತಲುಪೋವರೆಗೂ ಬಾಗಬಾರದು."

ಮೊಂಬಾಸಾದಿಂದ ಅಲೇಗೋಗೆ ಇಂಥ ವ್ಯಾಗನ್ನಿನ ಟಾಪಿನ ಮೇಲೆ ಹೋಗುವ ಏಳಡಿ ಉದ್ದದ ಭಾರ ಯಾವುದು ಎಂದು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮವರು ಎಲ್ಲೇ ಸತ್ತರೂ ಮಣ್ಣಾಗುವುದು ಊರಿನಲ್ಲೇ. ಒಳಗೆ ಬಂಧುಗಳು, ಮೇಲೆ ಹೆಣದ ಪೆಟ್ಟಿಗೆ, ಗಾಡಿಯ ಮೂತಿಗೆ ಕಟ್ಟಿದ ಹಸಿರು ಕೊಂಬೆ. ಅಂಥ ಎಷ್ಟೋ ಪ್ರಯಾಣದಲ್ಲಿ ನಾನೂ ಹೋಗಿದ್ದೇನೆ. ನಮ್ಮೂರವರ ಸಂಘದ ಖರ್ಚಿನಲ್ಲಿ ಯಾರದೋ ಗಾಡಿಯ ಮೇಲೆ ಹೋಗಲು ಇಷ್ಟವಿಲ್ಲದೆ, ತಾನು ಹೋಗುವ ಗಾಡಿಯನ್ನು ತಾನೇ ನಿಂತು ಆರಿಸುತ್ತಿದ್ದಾನೆ ಎಂದುಕೊಂಡೆ. ಅಂಥ ಸ್ವಾಭಿಮಾನಿಯೇ ಅವನು. ಕಾಯಿಲೆಯವನನ್ನು ಇದನ್ನೆಲ್ಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ನಾನು ಕೇಳಲಿಲ್ಲ. ಆಯಿತು ಎಂದು ತಲೆಯಾಡಿಸಿದೆ.

ಅದು ಎರಡು ವಾರದ ಕೆಲಸ. ಗಾಜು ಬಿಚ್ಚು, ಒಳಗಿನ ಬಟ್ಟೆ ಇಳಿಸು, ಬಣ್ಣವನ್ನೆಲ್ಲ ಕೆರೆದು ತುಕ್ಕು ಎಲ್ಲಿಯವರೆಗೆ ಹೋಗಿದೆ ನೋಡು. ತುಕ್ಕಿನ ಅಂಚಿನಿಂದ ಎರಡು ಬೆರಳು ಆಚೆಗೆ, ಗಟ್ಟಿ ತಗಡು ಸಿಗುವ ಕಡೆ ಕತ್ತರಿಸು. ಹೊಸ ತಗಡು ಬಾಗಿಸಿ ಕೂರಿಸಿ ವೆಲ್ಡ್ ಮಾಡು, ಉಜ್ಜು, ರೆಡ್ ಆಕ್ಸೈಡ್ ಹೊಡೆ, ಬಣ್ಣ ಹೊಡೆ. ಪುಟ್ಟಿ ಬಳಿದು ಮುಚ್ಚುವ ಕಳ್ಳರಿಗೆ ಎರಡು ದಿನ ಸಾಕು. ನಾನು ಆ ಜಾತಿಯವನಲ್ಲ. ಮೊದಲ ವಾರದಲ್ಲೇ ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದೆ. ಮುಂದಿನ ಅಂಚು, ಕ್ಯಾರಿಯರಿನ ಕಾಲು ಕೂರುವ ಎರಡು ಜಾಗ, ಹಿಂಬದಿಯ ಬಾಗಿಲ ಮೇಲೆ ಒಂದು ಮೊಳ. ಅಷ್ಟೆ. ನಡುವಿನ ತಗಡು ಕಂಚಿನ ಹಾಗೆ ದನಿ ಕೊಡುತ್ತಿತ್ತು.

ಭಾನುವಾರ ಮಧ್ಯಾಹ್ನ ಒಸೇವೆ ನಡೆದುಕೊಂಡು ಬಂದ. ಕೈಯಲ್ಲಿ ಕಾಗದದಲ್ಲಿ ಸುತ್ತಿದ, ಎಣ್ಣೆಯಲ್ಲಿ ಕರಿದ ಬಿಸಿ ಮಂದಾಜಿ. ಖಾಲಿ ಡ್ರಮ್ಮು ಬೋರಲು ಹಾಕಿಕೊಂಡು ಮಾವಿನ ಮರದ ನೆರಳಿನಲ್ಲಿ ಕೂತು ನಾನು ಬಡಿಯುವುದನ್ನು ನೋಡಿದ. ಚಾನಿಯ ಕೋಣೆ, ಒಂದೇ ಪ್ಯಾಂಟು, ಆ ಪ್ಯಾಂಟು ಹಾಕಿಕೊಂಡು ನಾನು ಚರ್ಚಿಗೆ ಹೋದ ದಿನವೇ ಅವನಿಗೆ ಕೆಲಸದ ಸಂದರ್ಶನಕ್ಕೆ ಕರೆ ಬಂದದ್ದು, ಎಲ್ಲ ಮಾತಾಡಿದೆವು. ಹೆಂಡತಿ ಸತ್ತ ಮೇಲೆ ನಾನು ಅಷ್ಟು ನಕ್ಕಿರಲಿಲ್ಲ. ಹೋಗುವಾಗ ಯಾವಾಗ ಮುಗಿಯುತ್ತೆ ಎಂದು ಕೇಳಿದ.

ಮುಂದಿನ ಭಾನುವಾರ ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಮುಗಿಸಿದರೆ ಇವನು ಇದರ ಮೇಲೆ ಹತ್ತಿಬಿಡುತ್ತಾನೆ ಎನ್ನಿಸಿತು. ಗಾಡಿ ಸಿದ್ಧವಾಗದೆ ಅವನು ಹೊರಡುವುದಿಲ್ಲ. ತಲೆಯಿಲ್ಲದ ಗಾಡಿ ನನ್ನ ಅಂಗಳದಲ್ಲಿ ನಿಂತಿರುವಷ್ಟು ದಿನ ಅವನೂ ಇರುತ್ತಾನೆ. ಹೀಗೊಂದು ಲೆಕ್ಕ ತಲೆಗೆ ಹೊಕ್ಕಿತು. ದಡ್ಡತನ ಎಂದು ಈಗ ಹೇಳಬಲ್ಲೆ. ಆಗ ಅದು ಪ್ರಾರ್ಥನೆಯ ಹಾಗಿತ್ತು.

"ಹಿಂದಿನ ಕಂಬಕ್ಕೂ ಇಳಿದಿದೆ ಕಣೋ, ಇನ್ನೆರಡು ವಾರ" ಎಂದುಬಿಟ್ಟೆ.

ಎರಡು ವಾರ ಆದ ಮೇಲೆ ಇನ್ನೆರಡು. ಸರಿಯಾದ ದಪ್ಪದ ತಗಡು ಸಿಗುತ್ತಿಲ್ಲ ಎಂದೆ. ಗ್ಯಾಸು ಮುಗಿಯಿತು ಎಂದೆ. ತುಂಬಿದ ಸಿಲಿಂಡರು ಅವನು ಕೂತ ಡ್ರಮ್ಮಿನ ಹಿಂದೆಯೇ ಇತ್ತು. ಐದನೇ ಭಾನುವಾರ ಅವನು ನಡೆದು ಬರಲಿಲ್ಲ, ಹಿರಿಮಗ ರಾಡಿಡೊ ಸೈಕಲ್ ಟ್ಯಾಕ್ಸಿಯಲ್ಲಿ ಕೂರಿಸಿ ತಾನು ಪಕ್ಕದಲ್ಲಿ ನಡೆದುಕೊಂಡು ಬಂದ. ರಾಡಿಡೊ ಇಪ್ಪತ್ತೇಳರ ಗಂಡಸು, ಮಾತು ಕಡಿಮೆ. ಗಾಡಿಯ ಸುತ್ತ ಎರಡು ಸುತ್ತು ಹಾಕಿ ನನ್ನ ಮುಖ ನೋಡಿದ. ಅವನ ನೋಟ ನನಗೆ ಹಿಡಿಸಲಿಲ್ಲ. ಏನಾದರೂ ತೋರಿಸಬೇಕಲ್ಲ? ಆ ವಾರ ಟಾಪಿನ ನಟ್ಟನಡುವೆ, ಗಟ್ಟಿಯಾದ, ಹೊಳೆಯುವ ತಗಡಿನಲ್ಲಿ ಎರಡು ಮೊಳ ಚೌಕ ಕತ್ತರಿಸಿ ತೆಗೆದೆ. ಇದನ್ನು ಹೇಳುವಾಗಲೂ ನನ್ನ ಕೈಯ ಮೇಲೆ ನನಗೇ ಅಸಹ್ಯ. ಕತ್ತರಿಸಿದ ತುಂಡನ್ನು ಒಸೇವೆಗೆ ಕಾಣದ ಹಾಗೆ ಗುಜರಿಯ ಅಡಿಗೆ ತಳ್ಳಿದೆ. ಭಾನುವಾರ ತೂತು ತೋರಿಸಿ ನೋಡು ಎಂಥ ತುಕ್ಕು ಎಂದೆ.

"ನನ್ನ ಹೊಟ್ಟೆಗಿಂತ ಇದರದ್ದೇ ಕೆಟ್ಟ ಕಾಯಿಲೆ" ಎಂದ ಒಸೇವೆ. ಆಮೇಲೆ ನನ್ನನ್ನು ದಿಟ್ಟಿಸಿ, "ತುಕ್ಕು ಗಾಡಿಗೋ ನಿನ್ನ ಕೈಗೋ? ಮುದುಕ ಆದೆ ಕಣೋ ನೀನು" ಎಂದು ಕಿಚಾಯಿಸಿದ.

ಏಳನೇ ಭಾನುವಾರ ಅವನು ತಂದ ಮಂದಾಜಿಯನ್ನು ನಾನೊಬ್ಬನೇ ತಿಂದೆ. ಎಂಟನೆಯದರಲ್ಲಿ ಅವನ ಕುತ್ತಿಗೆ ಅಂಗಿಯ ಕಾಲರಿನೊಳಗೆ ಕೋಲಿನ ಹಾಗೆ ಕಾಣುತ್ತಿತ್ತು. ಒಂಬತ್ತನೆಯದರಲ್ಲಿ ಅವನಿಗೆ ಡ್ರಮ್ಮಿನ ಮೇಲೆ ಕೂರಲಾಗದೆ, ಗಾಡಿಯ ಮುಂದಿನ ಸೀಟು ಬಿಚ್ಚಿ ನೆರಳಿಗೆ ಹಾಕಿ ಕೂರಿಸಿದೆ. ಅವತ್ತೂ ನಗಿಸಿದೆ. ನಗಿಸಿದರೆ ಒಂದು ವಾರ ಗೆದ್ದಂತೆ ಎಂಬ ಭಾವನೆ ನನಗೆ. ಹೊರಡುವಾಗ ನನ್ನ ಮಣಿಕಟ್ಟು ಹಿಡಿದು, "ಬೇಗ ಮುಗಿಸೋ" ಎಂದ. ಅದರಲ್ಲಿ ತಮಾಷೆ ಇರಲಿಲ್ಲ. ಆದರೂ ನನಗೆ ಅರ್ಥವಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಅವನ ಹೆಂಡತಿ ಅಕುಮು ಒಬ್ಬಳೇ ಬಂದಳು. ನಾನು ಅವಳನ್ನು ಅತ್ತಿಗೆ ಎನ್ನುತ್ತೇನೆ. ಮಾರುಕಟ್ಟೆಯಲ್ಲಿ ಒಣಮೀನು ಮಾರುವ ಹೆಂಗಸು, ನಿಂತ ಕಡೆಯಿಂದಲೇ ಇಡೀ ಬೀದಿಯನ್ನು ಬೈದು ನೆಟ್ಟಗೆ ಮಾಡಬಲ್ಲವಳು. ಅವತ್ತು ಸದ್ದಿಲ್ಲದೆ ಬಂದು ಗಾಡಿಯೊಳಗೆ ತಲೆ ಹಾಕಿ ಮೇಲಿನ ತೂತಿನಿಂದ ಆಕಾಶ ನೋಡಿದಳು. ಇದರಲ್ಲಿ ನಿಜವಾಗಿ ಇಷ್ಟು ತುಕ್ಕಿತ್ತಾ ಎಂದು ಕೇಳಿದಳು.

ಅವಳಿಗಾದರೂ ನನ್ನ ಮನಸ್ಸು ತಿಳಿಯುತ್ತದೆ ಎಂದುಕೊಂಡೆ. ಗಂಡನನ್ನು ಉಳಿಸಿಕೊಳ್ಳುವ ಆಸೆ ನನಗಿಂತ ಅವಳಿಗೆ ಹೆಚ್ಚಲ್ಲವೇ? ಸುತ್ತಿಗೆ ಕೆಳಗಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ.

"ಮುಗಿಸೋಕೆ ಮನಸ್ಸು ಬರ್ಲಿಲ್ಲ ಅತ್ತಿಗೆ. ಅವನ ಪೆಟ್ಟಿಗೆ ಹೊರೋ ಟಾಪನ್ನ ನನ್ನ ಕೈಯಿಂದಲೇ ಹೇಗೆ ಸಿದ್ಧ ಮಾಡ್ಲಿ?"

ಅಕುಮು ಗಾಡಿಯೊಳಗಿಂದ ತಲೆ ತೆಗೆದು ನನ್ನ ಕಡೆ ತಿರುಗಿದಳು. ನಾನು ಯಾವುದೋ ಬೇರೆ ಭಾಷೆಯಲ್ಲಿ ಮಾತಾಡಿದೆನೋ ಎಂಬಂತೆ.

"ಯಾವ ಪೆಟ್ಟಿಗೆ?" ಎಂದಳು. "ಪೆಟ್ಟಿಗೆ ಸಾಗಿಸೋಕೆ ಸಂಘ ಇದೆ. ತಿಂಗಳು ತಿಂಗಳು ನೀನೂ ದುಡ್ಡು ಕಟ್ತೀಯ. ಪೆಟ್ಟಿಗೆಗೋಸ್ಕರ ಯಾರಾದ್ರೂ ಗಾಡಿ ಕೊಂಡ್ಕೋತಾರಾ? ಉಸಿರಿರೋ ರೋಗೀನ ಊರಿಗೆ ಕರ್ಕೊಂಡು ಹೋಗೋ ಸಂಘ ಯಾವುದೂ ಇಲ್ಲ. ಅದಕ್ಕೇ ತಗೊಂಡಿದ್ದು."

ಆಮೇಲೆ ಅವಳು ಒಂದೊಂದಾಗಿ ಹೇಳಿದಳು. ನಿಂತುಕೊಂಡು ಕೇಳಿದೆ. ಒಸೇವೆ ಊರಿನಲ್ಲಿ ತನ್ನದೇ ಅಂಗಳ, ಎಂದರೆ ತನ್ನದೇ ಜಾಗದಲ್ಲಿ ಬೇರೆ ಮನೆ, ಕಟ್ಟಲು ಹೊರಟಿದ್ದ. ನಮ್ಮಲ್ಲಿ ಅಣ್ಣ ಕಟ್ಟದೆ ತಮ್ಮ ಕಟ್ಟುವ ಹಾಗಿಲ್ಲ; ಅವನ ಅಣ್ಣ ಇವತ್ತು ನಾಳೆ ಎಂದು ಇಪ್ಪತ್ತು ವರ್ಷ ಎಳೆದು, ಕೊನೆಗೆ ಈ ಬೇಸಿಗೆಯಲ್ಲಿ ಕಟ್ಟಿಕೊಂಡ. ತಮ್ಮನಿಗೆ ದಾರಿ ಬಿಟ್ಟದ್ದೇ ಆಗ. ಅಂಗಳ ಕಟ್ಟದೆ ಸತ್ತ ಗಂಡಸನ್ನು ಅಪ್ಪನ ಅಂಗಳದಲ್ಲೇ ಹೂಳುತ್ತಾರೆ, ಇನ್ನೂ ಬೆಳೆಯದ ಹುಡುಗನನ್ನು ಹೂಳಿದ ಹಾಗೆ. ಇಪ್ಪತ್ತಾರು ವರ್ಷ ಕ್ರೇನಿನ ಮೇಲೆ ಕೂತು ಹಡಗು ಇಳಿಸಿದವನಿಗೆ ಅದೊಂದು ಆಗಬಾರದಿತ್ತು. ಕಟ್ಟುವ ದಿನ ಅವನೇ ಇರಬೇಕು. ಹೊಸ ಜಾಗಕ್ಕೆ ಸಾಲಾಗಿ ನಡೆದು ಹೋಗಬೇಕು: ಮುಂದೆ ಅಪ್ಪನ ಕಡೆಯ ಹಿರಿಯ, ಹಿಂದೆ ಹುಂಜ ಹಿಡಿದ ಅವನು, ಕೊಡಲಿ ಹಿಡಿದ ಹಿರಿಮಗ, ಕೆಂಡ ಹೊತ್ತ ಹೆಂಡತಿ. ಗೋಡೆ ಮಣ್ಣಿನದು, ಒಂದೇ ದಿನದಲ್ಲಿ ಏಳುತ್ತದೆ. ಬಾಗಿಲು ಮಾತ್ರ ಒಳ್ಳೆಯದಿರಲಿ ಎಂದು ಇಲ್ಲಿಯ ಬಡಗಿಯಿಂದ ಎರಡು ಬಾಗಿಲು ಮಾಡಿಸಿದ್ದ. ಏಳಡಿ ಉದ್ದದ ಭಾರ ಅದು. ಅಂಗಳದ ಮಾತು ಮೊದಲೇ ಆಡಿದರೆ ಕಣ್ಣು ಬೀಳುತ್ತದೆ ಎಂದು ಮನೆಯವರಿಗೂ ಆ ಹಿರಿಯನಿಗೂ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ.

"ಬಸ್ಸಲ್ಲಿ ಕೂತು ಹೋಗೋ ಶಕ್ತಿ ಆಗ್ಲೇ ಇರ್ಲಿಲ್ಲ" ಎಂದಳು. "ಮಲಗಿಸ್ಕೊಂಡು ಹೋಗೋಣ ಅಂತಿದ್ವಿ. ಒಬುರಾ ಮಾಡ್ತಿದ್ದಾನೆ, ಒಬುರಾ ಕೆಲಸ ಅಂದ್ರೆ ಕೆಲಸ, ಇನ್ನೆರಡೇ ವಾರ ಅಂತ ನನ್ನ ಬಾಯಿ ಮುಚ್ಚಿಸ್ತಿದ್ದ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಎಷ್ಟು ದಿನ ಬೇಕು, ನಿಜ ಹೇಳು ಎಂದಳು. ಮೂರು ದಿನ ಎಂದೆ.

ಮೂರೇ ದಿನದಲ್ಲಿ ಮುಗಿಸಿದೆ. ಇದಕ್ಕಿಂತ ದೊಡ್ಡ ಬೈಗುಳ ನನಗೆ ಇನ್ನೇನು ಬೇಕು? ನಾನೇ ಮಾಡಿದ ತೂತಿಗೆ ನಾನೇ ತಗಡು ಕೂರಿಸಿದೆ. ಬಣ್ಣ ಹೊಡೆಯಲು, ಒಳಗಿನ ಬಟ್ಟೆ ಹಾಕಲು ಹೊತ್ತಿರಲಿಲ್ಲ. ಒಳಗೂ ಹೊರಗೂ ರೆಡ್ ಆಕ್ಸೈಡ್ ಬಳಿದು ಬಿಟ್ಟೆ. ಶುಕ್ರವಾರ ಸಂಜೆ ಬಡಗಿಯ ಅಂಗಡಿಯಿಂದ ಬಾಗಿಲು ತಂದು ಕ್ಯಾರಿಯರಿಗೆ ಬಿಗಿದೆ. ಗಟ್ಟಿಮರ, ನಾಲ್ಕು ಜನ ಎತ್ತುವಷ್ಟು ಭಾರ. ಟಾಪು ಕೂದಲೆಳೆಯಷ್ಟೂ ಬಾಗಲಿಲ್ಲ. ಶನಿವಾರ ಬೆಳಗಾಗುತ್ತಲೇ ಹೊರಟೆವು. ನಾನೂ ರಾಡಿಡೊನೂ ಸರದಿಯ ಮೇಲೆ ಓಡಿಸುವುದು. ಹಿಂದೆ ಹಾಸಿಗೆಯ ಮೇಲೆ ಒಸೇವೆ, ಅವನ ತಲೆಯ ಹತ್ತಿರ ಕಾಲು ಮಡಚಿಕೊಂಡು ಅಕುಮು.

ಮೊದಲ ದಿನ ಅವನು ಹುಡುಗನ ಹಾಗೆ ಖುಷಿಯಾಗಿದ್ದ. ದಾರಿಯ ವೋಯಿ ಪಟ್ಟಣದಲ್ಲಿ ಕಿತ್ತಳೆ ಬೇಕೆಂದು ಕೇಳಿ ಒಂದು ತೊಳೆ ಚೀಪಿದ. ನಾನು ಓಡಿಸುವುದನ್ನು ನೋಡಿ, ಇದು ಕ್ರೇನಾಗಿದ್ದರೆ ನೀನು ಇಷ್ಟು ಹೊತ್ತಿಗೆ ಎರಡು ಹಡಗು ಮುಳುಗಿಸುತ್ತಿದ್ದೆ ಎಂದು ಅಣಕಿಸಿದ. ನೈರೋಬಿಯಲ್ಲಿ ನೆಂಟರ ಮನೆಯಲ್ಲಿ ತಂಗಿದೆವು. ಮರುದಿನ ನಕೂರು ದಾಟಿದ ಮೇಲೆ ಅವನ ಮಾತು ನಿಂತಿತು. ಆಗ ರಾಡಿಡೊ ಓಡಿಸುತ್ತಿದ್ದ; ನಾನು ಹಿಂದೆ ಹೋಗಿ ಒಸೇವೆಯ ಪಕ್ಕ ಕೂತೆ, ಅಕುಮು ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು.

ಒಸೇವೆ ಅಂಗಾತ ಮಲಗಿ ನೇರ ಮೇಲೆ ನೋಡುತ್ತಿದ್ದ. ಅವನ ಮುಖದ ಮೇಲೆ, ಒಂದು ಮೊಳ ಎತ್ತರದಲ್ಲಿ ನನ್ನ ಕೆಲಸ. ಬಟ್ಟೆ ಮುಚ್ಚಿರಲಿಲ್ಲವಲ್ಲ, ವೆಲ್ಡಿಂಗಿನ ಒಂದೊಂದು ಗೆರೆಯೂ ಕಾಣುತ್ತಿತ್ತು. ಕಬ್ಬಿಣದ ಜೊತೆ ಬದುಕಿದವನು ಅವನು. ಬೆರಳೆತ್ತಿ ನಡುವಿನ ಚೌಕ ತೋರಿಸಿದ.

"ಅಂಚಲ್ಲಿ ನೀರು ನಿಲ್ಲುತ್ತೆ, ತುಕ್ಕು ಅಂಚಲ್ಲೇ ಹುಟ್ಟೋದು, ನಡುಮಧ್ಯ ಬರಲ್ಲ ಅಂತ ನೀನೇ ಹೇಳ್ತಿದ್ದೆ. ಇಲ್ಲಿ ಯಾಕೆ ಕತ್ತರಿಸಿದೆ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುವಂತಿರಲಿಲ್ಲ. ಹೇಳಿದ್ದರೆ ಅವನು ಬೈಯುತ್ತಿದ್ದ, ನಾನು ಅಳುತ್ತಿದ್ದೆ, ಏನೋ ಒಂದು ಆಗುತ್ತಿತ್ತು.

"ಅಲ್ಲೂ ಬಂದಿತ್ತು" ಎಂದೆ.

ಅವನು ಆ ಚೌಕವನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನಿಗೆ ಗೊತ್ತಾಯಿತು. ಮೂವತ್ತನಾಲ್ಕು ವರ್ಷ ನೋಡಿದ ಕಣ್ಣು ಅದು, ಗೊತ್ತಾದದ್ದು ನನಗೂ ಗೊತ್ತಾಯಿತು.

"ಬಂದಿರ್ಬೇಕು" ಎಂದ. ಕಣ್ಣು ಮುಚ್ಚಿದ.

ಕೆರಿಚೊದ ಚಹಾ ತೋಟ ದಾಟಿ ಇಳಿಜಾರಿನಲ್ಲಿ ಸೆಕೆ ಶುರುವಾದಾಗ, ಇನ್ನೇನು ಕೆಳಗೆ ನಮ್ಮ ಬಯಲು, ಅದರಾಚೆ ಕಡಲಿನಷ್ಟು ದೊಡ್ಡ ಕೆರೆ ಎನ್ನುವ ಜಾಗದಲ್ಲಿ, ಅವನ ಉಸಿರಿನ ಲಯ ತಪ್ಪಿತು. ರಾಡಿಡೊ ಗಾಡಿ ಓಡಿಸಿದ ಓಟ ದೇವರಿಗೇ ಗೊತ್ತು. ಕಿಸುಮುವಿನ ಆಸ್ಪತ್ರೆಯ ಬಾಗಿಲು ಬರುವ ಮೊದಲೇ ಅಕುಮು ಗಂಡನ ಗಲ್ಲಕ್ಕೆ ಕೈ ಒತ್ತಿ ಬಾಯಿ ಮುಚ್ಚಿಸಿದ್ದಳು. ಊರಿಗೆ ಇನ್ನು ಎರಡು ಗಂಟೆಯ ದಾರಿ ಇತ್ತು. ಎರಡೇ ಗಂಟೆ.

ಅಲ್ಲೇ ಪೆಟ್ಟಿಗೆ ಕೊಂಡೆವು. ಅದು ಒಳಗೆ ಹಿಡಿಸುತ್ತಿತ್ತು, ಆದರೆ ಸಾವಿನ ಸುದ್ದಿ ಕೇಳಿ ಬಂದ ನೆಂಟರು ಆರು ಜನ ಆಗಿದ್ದರು; ಅವರು ಒಳಗೆ ಕೂರಬೇಕಿತ್ತು. ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಬಾಗಿಲುಗಳ ಮೇಲೆ ಏರಿಸಿ ಹಗ್ಗ ಬಿಗಿದರು. ಯಾರೋ ಹಸಿರು ಕೊಂಬೆ ತಂದು ಮೂತಿಗೆ ಕಟ್ಟಿದರು. ಅಷ್ಟು ದಿನ ಯಾವುದಕ್ಕೆ ಹೆದರಿ ಟಾಪು ಮುಗಿಸದೆ ಕೂತಿದ್ದೆನೋ ಅದೇ ಆ ಟಾಪಿನ ಮೇಲೆ ಹತ್ತಿತು, ನನ್ನದೇ ಕೈಕೆಲಸದಿಂದ. ಗುಂಡಿಬಿದ್ದ ಮಣ್ಣಿನ ದಾರಿಯಲ್ಲೂ ಟಾಪು ಕಿರ್ ಎನ್ನಲಿಲ್ಲ. ದಾರಿಯುದ್ದಕ್ಕೂ ನೆಂಟರೊಬ್ಬರು ಮೇಲೆ ನೋಡಿ ನೋಡಿ ಎಂಥ ಗಟ್ಟಿ ಕೆಲಸ ಎಂದು ಹೊಗಳಿದರು. ಅಕುಮು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು.

ಊರಿನಲ್ಲಿ ಹಿರಿಯರು ಕೂತು ಮಾತಾಡಿದರು. ರಾಡಿಡೊ ಅಂಗಲಾಚಿದ. ಅಪ್ಪನ ಬದಲು ಹುಂಜವನ್ನು ತಾನೇ ಹಿಡಿಯುತ್ತೇನೆ ಎಂದ. ಆಗದು ಎಂದರು. ಅಂಗಳಕ್ಕೆ ಗಂಡಸು ತನ್ನ ಕಾಲ ಮೇಲೆ ನಡೆದು ಬರಬೇಕು. ಹೊತ್ತು ತಂದವನಿಗೆ ಅಂಗಳವಿಲ್ಲ. ಒಸೇವೆಯನ್ನು ಅಪ್ಪನ ಅಂಗಳದಲ್ಲಿ, ಎಡಗಡೆ, ಬಾಳೆಯ ಪಕ್ಕ ಹೂತರು. ಚಿಕ್ಕಂದಿನಲ್ಲಿ ಸತ್ತ ಅವನ ಇಬ್ಬರು ತಮ್ಮಂದಿರು ಅಲ್ಲೇ ಇದ್ದರು.

ಮೂರನೆಯ ದಿನ ನಾನು ಬಾಗಿಲುಗಳ ಹಗ್ಗ ಬಿಚ್ಚುತ್ತಿದ್ದಾಗ ಒಸೇವೆಯ ಚಿಕ್ಕಪ್ಪ ನ್ಯಾಂಗ್ವೆಸೊ ಕೋಲೂರಿಕೊಂಡು ಬಂದರು. ಎಂಬತ್ತರ ಮೇಲಿನ ವಯಸ್ಸು, ಒಂದು ಕಣ್ಣಿಗೆ ಪೊರೆ. ಹಿರಿಯನಾಗಿ ಒಸೇವೆಯ ಮುಂದೆ ನಡೆಯಬೇಕಿದ್ದವರು ಅವರೇ, ಆ ತಲೆಮಾರಿನಲ್ಲಿ ಉಳಿದವರು ಅವರೊಬ್ಬರೇ. ಬಾ ಎಂದು ಕರೆದುಕೊಂಡು ಹೋದರು. ಊರ ದಿಬ್ಬದ ಆಚೆ, ಕೆರೆ ಕಾಣುವ ಕಡೆ, ನಾಲ್ಕು ಗೂಟ ನೆಟ್ಟ ಜಾಗವಿತ್ತು. ನಡುವೆ ಹುಲ್ಲು ಸಣ್ಣಗೆ ಕಡಿದಿತ್ತು. ಒಸೇವೆ ಬರುತ್ತಾನೆಂದು ಹೇಳಿಕಳಿಸಿದ ದಿನ ಗೂಟ ನೆಟ್ಟೆ ಎಂದರು. ಹುಲ್ಲು ಬೆಳೆಯಿತು, ಕಡಿದೆ. ಮತ್ತೆ ಬೆಳೆಯಿತು, ಮತ್ತೆ ಕಡಿದೆ.

ನನಗೆ ತಡೆಯಲಾಗಲಿಲ್ಲ. ಹುಲ್ಲಿನ ಮೇಲೆ ಕೂತುಬಿಟ್ಟೆ. ಅಯಸ್ಕಾಂತದಿಂದ ಹಿಡಿದು ಗಟ್ಟಿ ತಗಡಿನ ಚೌಕದವರೆಗೆ ಎಲ್ಲ ಹೇಳಿದೆ. ಪೆಟ್ಟಿಗೆಗೆ ಎಂದುಕೊಂಡೆ ಚಿಕ್ಕಪ್ಪ, ಅವನು ಹೋಗದಿರಲಿ ಎಂದುಕೊಂಡೆ ಎಂದೆ. ಅವರು ಕೋಲಿನ ಮೇಲೆ ಗಲ್ಲ ಇಟ್ಟು ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಆ ಒಂಬತ್ತು ವಾರ ನಿನ್ ಹತ್ರ ನಗ್ತಿದ್ನಾ?"

"ನಗ್ತಿದ್ದ."

"ಹೂಂ" ಎಂದರು. ಒಳ್ಳೆಯ ಕಣ್ಣಿನಲ್ಲಿ ಆ ನಾಲ್ಕು ಗೂಟಗಳ ನಡುವಿನ ನೆಲ ನೋಡುತ್ತ ನಿಂತರು. "ನಾನು ದೇವರಲ್ಲಿ ಕೇಳಿದ್ದು ಒಂದು ದಿನ. ಬೆಳಿಗ್ಗೆ ಬಂದು ಸಂಜೆ ಸತ್ತಿದ್ರೂ ಆಗ್ತಿತ್ತು. ನಿನಗೆ ಒಂಬತ್ತು ಭಾನುವಾರ ಸಿಕ್ತು."

ನಾನು ಎದ್ದು ಹತ್ತಿರದ ಗೂಟ ಕೀಳಲು ಬಗ್ಗಿದೆ, ಅಷ್ಟಾದರೂ ಮಾಡೋಣವೆಂದು. ಅವರು ಕೋಲಿನಿಂದ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮಂಡಿಯೂರಿ, ಒಂದೊಂದೇ ಗೂಟವನ್ನು ತಾವೇ ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತರು.